ಥಮ್, ಹುಕುಂದಾರ್! ಮಿಲಿಟರಿ ಮನೆಯ ಫೋನಿಗೂ ಒಂದು ಪಹರೆ ಬೇಕು

ಕಳೆದ ನವೆಂಬರಿನಲ್ಲಿ ನಮ್ಮೂರಿನ ನಿವೃತ್ತ ಸುಬೇದಾರ್ ಸಾಹೇಬರು ಬೆಳಗಿನ ಚಹಾ ಹೊತ್ತಿಗೇ ನಮ್ಮ ಮನೆಗೆ ಬಂದರು. ಫೋನು ಕಿವಿಯಲ್ಲೇ ಇತ್ತು. ಪಡಸಾಲೆಯಲ್ಲಿ ಕುರ್ಚಿ ಖಾಲಿ ಇದ್ದರೂ ಕೂರಲಿಲ್ಲ. ಎಪ್ಪತ್ತು ದಾಟಿದ ಮನುಷ್ಯ ನೆಟ್ಟಗೆ ಸಾವಧಾನ್ ನಿಂತು "ಜೀ ಸಾಬ್, ಜೀ ಸಾಬ್" ಅನ್ನುತ್ತಿದ್ದರು. ಆಮೇಲೆ ಫೋನಿನ ಬಾಯಿಗೆ ಕೈ ಅಡ್ಡ ಹಿಡಿದು ನನಗೆ ಹೇಳಿದರು, "ಪ್ರಯಾಗರಾಜದಿಂದ ಪೆನ್ಷನ್ ಆಫೀಸಿನ ಸಾಹೇಬರು. ಲೈಫ್ ಸರ್ಟಿಫಿಕೇಟ್ ಫೇಲ್ ಆಗಿದೆಯಂತೆ. ಆರು ಅಂಕಿಯ ನಂಬರ್ ಬಂದಿದೆ, ಕನ್ನಡಕ ಮರೆತು ಬಂದೆ, ಸ್ವಲ್ಪ ಓದು ತಮ್ಮಾ."

ನಾನು ಓದಲಿಲ್ಲ. ಫೋನು ಇಸಕೊಂಡು ಕಟ್ ಮಾಡಿದೆ. ಸಾಹೇಬರಿಗೆ ಎಂಥಾ ಸಿಟ್ಟು ಬಂತು ಅಂದರೆ, ಎರಡು ದಿನ ನನ್ನ ಜೊತೆ ಮಾತೇ ಆಡಲಿಲ್ಲ. ಅಫೀಸರ್ ಮಾತಾಡುತ್ತಿರುವಾಗ ಫೋನು ಇಡೋದಾ?

ನಾನೂ ಹವಾಲ್ದಾರ್ ಕ್ಲರ್ಕ್ ಆಗಿ ಮನೆಗೆ ಬಂದವನು. ಊರಿನ ಮಾಜಿ ಸೈನಿಕರ ಪೆನ್ಷನ್ ಕಾಗದ, ಚಿಕಿತ್ಸೆಗೆ ಬೇಕಾದ ಇಸಿಎಚ್ಎಸ್ ಕಾರ್ಡು, ಪೆನ್ಷನ್ನಿನ ವೆಬ್‌ಸೈಟು ಸ್ಪರ್ಶ್‌ನ ಲಾಗಿನ್ನು ಎಲ್ಲ ನನ್ನ ಪಡಸಾಲೆಗೇ ಬರುತ್ತವೆ. ಹಾಗಾಗಿ ಇಂಥ ಕರೆಗಳನ್ನು ಬಹಳ ಕೇಳಿದ್ದೇನೆ. ಒಂದು ವಿಷಯ ನನಗೆ ಖಚಿತ: ನಮ್ಮವರು ಮೋಸ ಹೋಗುವುದು ಬುದ್ಧಿ ಇಲ್ಲದೆ ಅಲ್ಲ, ಅಭ್ಯಾಸದಿಂದ. ಹದಿನೈದು ಇಪ್ಪತ್ತು ವರ್ಷ ಮೇಲಿನವರ ದನಿ ಕೇಳಿದ ಕೂಡಲೇ "ಜೀ ಸಾಬ್" ಅಂದ ನಾಲಿಗೆ ಅದು. ಕಳ್ಳನಿಗೆ ಆ ದನಿ ಸಾಕು. ಅದರ ಜೊತೆಗೆ ಪ್ರತಿ ತಿಂಗಳು ತಪ್ಪದೆ ಬರುವ ಪೆನ್ಷನ್ನು, ನಿವೃತ್ತಿಯಾದ ದಿನ ಒಟ್ಟಿಗೆ ಬರುವ ದುಡ್ಡು, ಗಡಿಯಲ್ಲಿರುವ ಗಂಡ, ಊರಲ್ಲಿ ಒಬ್ಬಳೇ ಇರುವ ಹೆಂಡತಿ. ಮೋಸಗಾರನಿಗೆ ಇನ್ನೇನು ಬೇಕು ಹೇಳಿ.

ಆದರೆ ನಮಗೆ ಇನ್ನೊಂದು ಅಭ್ಯಾಸವೂ ಇದೆ, ಅದನ್ನು ಯಾಕೋ ಗೇಟಿನಲ್ಲೇ ಬಿಟ್ಟು ಬಂದಿದ್ದೇವೆ. ರಾತ್ರಿ ಸಂತರಿ ಡ್ಯೂಟಿ, ಅಂದರೆ ಕಾವಲಿನ ಡ್ಯೂಟಿ, ನೆನಪು ಮಾಡಿಕೊಳ್ಳಿ. ಕತ್ತಲಲ್ಲಿ ಯಾರೋ ಬಂದರೆ ಏನು ಕೂಗುತ್ತಿದ್ದಿರಿ? "ಥಮ್! ಹುಕುಂದಾರ್!" ಥಮ್ ಅಂದರೆ ನಿಲ್ಲು. ಇಂಗ್ಲಿಷರು "ಹೂ ಕಮ್ಸ್ ದೇರ್", ಅಂದರೆ ಯಾರದು ಬರುತ್ತಿರುವುದು, ಅಂತಿದ್ದದ್ದು ನಮ್ಮ ಸಿಪಾಯಿಗಳ ಬಾಯಲ್ಲಿ ಹುಕುಂದಾರ್ ಆಯಿತು. ಎದುರಿಗೆ ಬರುವವರು ಯೂನಿಟ್ಟಿನ ಮುಖ್ಯಸ್ಥ ಸಿಒ ಸಾಹೇಬರೇ ಆಗಿದ್ದರೂ ನಿಲ್ಲಲೇಬೇಕು, ಆ ದಿನದ ಪಾಸ್‌ವರ್ಡ್ ಹೇಳಲೇಬೇಕು. ಕೇಳದೆ ಒಳಗೆ ಬಿಟ್ಟ ಸಂತರಿಗೇ ಮರುದಿನ ಶಿಕ್ಷೆ. ಅಲ್ಲಿ ಸಾಹೇಬರನ್ನು ನಿಲ್ಲಿಸಿದ್ದು ಅಗೌರವ ಅಲ್ಲ, ಡ್ಯೂಟಿ. ಫೋನಿಗೂ ಅದೇ ನಿಯಮ ಹಾಕಿಕೊಳ್ಳಿ. ಮೊದಲು ನಿಲ್ಲಿಸಿ, ಅಂದರೆ ಕರೆ ಕಟ್ ಮಾಡಿ. ಆಮೇಲೆ ಯಾರು ಅಂತ ಕೇಳಿ, ಆದರೆ ಕರೆ ಮಾಡಿದವನನ್ನೇ ಅಲ್ಲ. ನಿಮ್ಮ ಡೈರಿಯಲ್ಲಿ ನೀವೇ ಬರೆದಿಟ್ಟ ನಂಬರಿಗೆ ನೀವೇ ಫೋನ್ ಮಾಡಿ ಕೇಳಿ. ಅವನು ಕೊಟ್ಟ ನಂಬರು, ಗೂಗಲ್‌ನಲ್ಲಿ ಹುಡುಕಿದಾಗ ಮೇಲೆ ಕಂಡ ನಂಬರು, ಎರಡೂ ಬೇಡ.

ಪೆನ್ಷನ್ ಹೆಸರಿನ ಕರೆ

ನವೆಂಬರ್ ಬಂತು ಅಂದರೆ ಈ ಕರೆಗಳು ಜಾಸ್ತಿ, ಬದುಕಿದ್ದೇವೆ ಅಂತ ಲೈಫ್ ಸರ್ಟಿಫಿಕೇಟ್ ಕೊಡುವ ಕಾಲ ಅದು. ಕರೆ ಮಾಡಿದವನು ನಿಮ್ಮ ಹೆಸರು, ರ‍್ಯಾಂಕು, ಪಿಪಿಒ (ಪೆನ್ಷನ್ ಮಂಜೂರಾತಿ ಪತ್ರ) ನಂಬರು, ನಿವೃತ್ತಿ ತಾರೀಕು ಎಲ್ಲ ಸರಿಯಾಗಿ ಹೇಳಬಹುದು. ಅದನ್ನು ಕೇಳಿಯೇ ನಮ್ಮವರು ಕರಗುತ್ತಾರೆ. "ಇಷ್ಟೆಲ್ಲ ಗೊತ್ತಿದೆ ಅಂದರೆ ಆಫೀಸಿನವರೇ ಅಲ್ವಾ?" ಅಲ್ಲ. ನಿಮ್ಮ ಡಿಸ್ಚಾರ್ಜ್ ಬುಕ್ಕು, ಪಿಪಿಒ ಎಷ್ಟು ಝೆರಾಕ್ಸ್ ಅಂಗಡಿ ಸುತ್ತಿದೆ, ಎಷ್ಟು ವಾಟ್ಸಾಪ್ ಗುಂಪಿನಲ್ಲಿ "ದಯವಿಟ್ಟು ಯಾರಾದರೂ ನೋಡಿ ಹೇಳಿ" ಅಂತ ನೀವೇ ಫೋಟೋ ಹಾಕಿದ್ದೀರಿ, ಒಮ್ಮೆ ಲೆಕ್ಕ ಹಾಕಿ. ಪಿಪಿಒ ನಂಬರ್ ಗೊತ್ತಿರುವುದು ಯಾವುದಕ್ಕೂ ಪುರಾವೆ ಅಲ್ಲ.

ಭಯ ಹೋಗಬೇಕಾದರೆ ನಿಜವಾದ ಪದ್ಧತಿ ಗೊತ್ತಿರಬೇಕು. ಲೈಫ್ ಸರ್ಟಿಫಿಕೇಟನ್ನು ಯಾವ ಅಧಿಕಾರಿಯೂ ಫೋನಿನಲ್ಲಿ ಮಾಡಿಕೊಡುವುದಿಲ್ಲ. ಜೀವನ್ ಪ್ರಮಾಣ್ ಅನ್ನೋ ಡಿಜಿಟಲ್ ಪದ್ಧತಿ 2014ರ ನವೆಂಬರಿನಲ್ಲಿ ಶುರುವಾಯಿತು, 2021ರಿಂದ ಮುಖ ತೋರಿಸಿಯೂ ಮಾಡಬಹುದು. ಹತ್ತಿರದ ಸಾಮಾನ್ಯ ಸೇವಾ ಕೇಂದ್ರಕ್ಕೆ (ಸಿಎಸ್‌ಸಿ) ಹೋಗಿ, ಇಲ್ಲ ಬ್ಯಾಂಕಿಗೆ ಹೋಗಿ, ಇಲ್ಲ ಪೋಸ್ಟ್‌ಮನ್ ಅಣ್ಣನಿಗೆ ಹೇಳಿ, ಅಂಚೆ ಪೇಮೆಂಟ್ಸ್ ಬ್ಯಾಂಕಿನವರು ಸಣ್ಣ ಶುಲ್ಕ ತಗೊಂಡು ಮನೆಗೇ ಬಂದು ಮಾಡಿಕೊಡುತ್ತಾರೆ. ಮನೆಯಲ್ಲಿ ಮಕ್ಕಳಿದ್ದರೆ ಪ್ಲೇ ಸ್ಟೋರಿನಿಂದಲೇ ಜೀವನ್ ಪ್ರಮಾಣ್ ಮತ್ತು ಆಧಾರ್ ಫೇಸ್ ಆರ್‌ಡಿ ಎರಡು ಆ್ಯಪ್ ಹಾಕಿ ಅಪ್ಪನ ಮುಖ ತೋರಿಸಿದರೆ ಮುಗಿಯಿತು. ಇದರಲ್ಲೂ ಓಟಿಪಿ ಬರುತ್ತದೆ, ಗೊಂದಲ ಅಲ್ಲೇ ಆಗುವುದು. ವ್ಯತ್ಯಾಸ ಇಷ್ಟೇ: ಕೆಲಸ ನೀವು ಶುರು ಮಾಡಿದರೆ ಬಂದ ಓಟಿಪಿ ನಿಮ್ಮದು. ನೀವು ಸುಮ್ನೆ ಕೂತಿದ್ದಾಗ ಓಟಿಪಿ ಬಂತು ಅಂದರೆ, ನಿಮ್ಮ ಹೆಸರಿನಲ್ಲಿ ಇನ್ನೊಬ್ಬ ಯಾರೋ ಕೆಲಸ ಶುರು ಮಾಡಿದ್ದಾನೆ.

ಇನ್ನೊಂದು ಮಾತು. ಲೈಫ್ ಸರ್ಟಿಫಿಕೇಟ್ ತಡವಾಗಿ ಪೆನ್ಷನ್ ನಿಂತರೂ, ಕೊಟ್ಟ ಮೇಲೆ ಬಾಕಿ ಸಮೇತ ಮತ್ತೆ ಶುರುವಾಗುತ್ತದೆ. "ಇವತ್ತು ಸಾಯಂಕಾಲದೊಳಗೆ ಮಾಡದಿದ್ದರೆ ಪೆನ್ಷನ್ ಕ್ಯಾನ್ಸಲ್" ಅನ್ನುವವನು ಕಳ್ಳನೇ.

ಸ್ಪರ್ಶ್ ವೆಬ್‌ಸೈಟಿನ ವಿಳಾಸ ಸ್ಪರ್ಶ್ ಡಾಟ್ ಡಿಫೆನ್ಸ್‌ಪೆನ್ಷನ್ ಡಾಟ್ ಜಿಒವಿ ಡಾಟ್ ಇನ್. ಕೊನೆಯ ಎರಡು ತುಂಡು ನೋಡಿಕೊಳ್ಳಿ, ಜಿಒವಿ ಡಾಟ್ ಇನ್ ಇರಲೇಬೇಕು. ಮೆಸೇಜಿನಲ್ಲಿ ಬಂದ ಲಿಂಕ್ ಒತ್ತಬೇಡಿ, ಕೈಯಲ್ಲೇ ಟೈಪ್ ಮಾಡಿ. ಪಾಸ್‌ವರ್ಡನ್ನು ಪಿಪಿಒ ಹಿಂದೆ ಪೆನ್ನಿನಲ್ಲಿ ಬರೆದಿಡುವವರು ನಮ್ಮಲ್ಲಿ ಬಹಳ ಜನ (ನಾನೂ ಒಂದು ಕಾಲದಲ್ಲಿ ಬರೆದಿದ್ದೆ, ಬೈಯಬೇಡಿ). ಆ ಕಾಗದ ಝೆರಾಕ್ಸಿಗೆ ಹೋದರೆ ಪಾಸ್‌ವರ್ಡೂ ಜೊತೆಗೇ ಹೋಗುತ್ತದೆ.

ಒನ್ ರ‍್ಯಾಂಕ್ ಒನ್ ಪೆನ್ಷನ್ ಪರಿಷ್ಕರಣೆ, ಎಂಟನೇ ವೇತನ ಆಯೋಗ, ಡಿಎ ಬಾಕಿ, ಇಂಥ ಸುದ್ದಿ ಬಂದ ಹಾಗೆಲ್ಲ "ನಿಮಗೆಷ್ಟು ಬರುತ್ತದೆ ನೋಡಿ" ಅಂತ ವಾಟ್ಸಾಪಿನಲ್ಲಿ ಒಂದು ಫೈಲು ಹರಿದಾಡುತ್ತದೆ. ಹೆಸರಿನ ಕೊನೆಗೆ ಎಪಿಕೆ ಅಂತಿದ್ದರೆ ಅದು ಪಟ್ಟಿ ಅಲ್ಲ, ಆ್ಯಪ್. ಹಾಕಿಕೊಂಡ ಕೂಡಲೇ ನಿಮ್ಮ ಮೆಸೇಜುಗಳನ್ನು ಓದಲು ಶುರು ಮಾಡಬಹುದು, ಆಗ ಓಟಿಪಿಯನ್ನು ನೀವು ಹೇಳುವುದೂ ಬೇಡ. ಮದುವೆ ಕಾಗದ, ಟ್ರಾಫಿಕ್ ದಂಡದ ಚೀಟಿ ಅಂತಲೂ ಇದೇ ಬರುತ್ತದೆ. ಕಳಿಸಿದವರು ನಿಮ್ಮ ಬ್ಯಾಚ್‌ಮೇಟೇ ಆಗಿರಬಹುದು. ಅವರ ಫೋನು ಈಗಾಗಲೇ ಕಳ್ಳನ ಕೈಯಲ್ಲಿ ಇದ್ದರೆ ಅವರ ಹೆಸರಿನಲ್ಲೇ ನಿಮಗೂ ಬರುತ್ತದೆ. ಎನಿಡೆಸ್ಕ್ ಥರದ, ಸ್ಕ್ರೀನ್ ತೋರಿಸುವ ಆ್ಯಪ್ ಹಾಕಿಕೊಳ್ಳಿ ಅಂದರೂ ಅಲ್ಲಿಗೆ ಮಾತು ನಿಲ್ಲಿಸಿ.

ಹೆಬ್ಬೆರಳಿನ ಗುರುತಿನದ್ದು ಬೇರೆ ಕಥೆ. 2023ರಲ್ಲಿ ಬೆಂಗಳೂರು, ಮಂಗಳೂರು ಕಡೆ ಆಸ್ತಿ ನೋಂದಣಿ ಮಾಡಿಸಿದ ಕೆಲವರ ಖಾತೆಯಿಂದ ಓಟಿಪಿ ಇಲ್ಲದೇ ದುಡ್ಡು ಹೋಯಿತು. ಪತ್ರದಲ್ಲಿದ್ದ ಬೆರಳಚ್ಚು ಮತ್ತು ಆಧಾರ್ ನಂಬರ್ ಸಾಕಾಗಿತ್ತು, ಯಾಕೆಂದರೆ ಆಧಾರ್ ಮೇಲೆ ನಡೆಯುವ ವ್ಯವಹಾರಕ್ಕೆ ಹೆಬ್ಬೆರಳೇ ಸಹಿ. ಆದ್ದರಿಂದ ಆಧಾರ್ ವೆಬ್‌ಸೈಟಿನಲ್ಲೋ ಆ್ಯಪಿನಲ್ಲೋ ಬಯೋಮೆಟ್ರಿಕ್ ಲಾಕ್ ಮಾಡಿಡಿ. ಒಂದು ತೊಂದರೆ ಇದೆ, ಯಾರೂ ಮೊದಲೇ ಹೇಳುವುದಿಲ್ಲ: ಲಾಕ್ ಇದ್ದರೆ ಜೀವನ್ ಪ್ರಮಾಣವೂ ಆಗುವುದಿಲ್ಲ. ಅವತ್ತು ಸ್ವಲ್ಪ ಹೊತ್ತು ತೆಗೆದು, ಕೆಲಸ ಮುಗಿದ ಮೇಲೆ ಮತ್ತೆ ಹಾಕಬೇಕು.

ಯಜಮಾನರು ಫೀಲ್ಡಿನಲ್ಲಿದ್ದಾಗ

ಇದು ತಂಗಿಯರಿಗೆ, ಸೊಸೆಯರಿಗೆ, ತಾಯಂದಿರಿಗೆ. ಗಂಡ ಇರುವ ಪೋಸ್ಟಿನಲ್ಲಿ ನೆಟ್‌ವರ್ಕ್ ಇರುವುದಿಲ್ಲ, ಎರಡು ಮೂರು ದಿನ ಮಾತಿಲ್ಲ. ಆ ಹೊತ್ತಿಗೆ ಒಂದು ಕರೆ: "ಭಾಭೀಜಿ, ಗಾಡಿ ಪಲ್ಟಿಯಾಗಿದೆ, ಸಾಬ್ ಆಸ್ಪತ್ರೆಯಲ್ಲಿದ್ದಾರೆ, ರಕ್ತಕ್ಕೆ ಮೂವತ್ತು ಸಾವಿರ ತಕ್ಷಣ ಹಾಕಿ." ಕೈಕಾಲು ನಡುಗುವುದು ಸಹಜ. ಆದರೆ ಮಿಲಿಟರಿ ಆಸ್ಪತ್ರೆಯಲ್ಲಿ ಸೇವೆಯಲ್ಲಿರುವ ಜವಾನನ ಚಿಕಿತ್ಸೆಗೆ ಮನೆಯವರಿಂದ ದುಡ್ಡು ಕೇಳುವ ಪದ್ಧತಿಯೇ ಇಲ್ಲ. ಯೂನಿಟ್ಟಿನಿಂದ ಕೆಟ್ಟ ಸುದ್ದಿ ಬಂದರೂ ಅದರ ಹಿಂದೆ ಯುಪಿಐ ನಂಬರ್ ಬರುವುದಿಲ್ಲ.

ಈಗ ದನಿಯನ್ನೂ ಕಂಪ್ಯೂಟರಿನಲ್ಲಿ ನಕಲು ಮಾಡುತ್ತಾರೆ. ಗಂಡ ಹಾಕಿದ ಒಂದು ರೀಲ್ಸಿನ ಮಾತು ಸಾಕು. ಅದಕ್ಕೇ ಪಾಸ್‌ವರ್ಡ್. ಮುಂದಿನ ರಜೆಯಲ್ಲಿ ಮನೆಯವರೆಲ್ಲ ಕೂತು ಒಂದು ಮಾತು ಆರಿಸಿಕೊಳ್ಳಿ, ಹಳೇ ಎಮ್ಮೆಯ ಹೆಸರೋ, ಅಜ್ಜಿ ಬೈಯುತ್ತಿದ್ದ ಮಾತೋ, ಫೇಸ್‌ಬುಕ್ಕಿನಲ್ಲಿ ಎಲ್ಲೂ ಇರದಂಥದ್ದು. ದುಡ್ಡಿನ ಮಾತು ಬಂದ ಕೂಡಲೇ ಅದನ್ನು ಕೇಳಿ. ಹೇಳದಿದ್ದರೆ ಕಟ್. ಜೊತೆಗೆ ಅವರು ರಜೆಗೆ ಬಂದಾಗಲೇ ಯೂನಿಟ್ಟಿನ ಆಡಳಿತ ನೋಡುವ ಅಡ್ಜುಟೆಂಟ್ ಆಫೀಸು, ಅವರ ಕಂಪನಿಯ (ತುಕಡಿಯ) ಸೀನಿಯರ್ ಜೆಸಿಒ (ಸುಬೇದಾರ್ ದರ್ಜೆಯವರು), ಸೇವಾ ದಾಖಲೆ ಇಡುವ ರೆಕಾರ್ಡ್ ಆಫೀಸು, ನಿಮ್ಮ ಜಿಲ್ಲೆಯ ಸೈನಿಕ ಕಲ್ಯಾಣ ಇಲಾಖೆಯ ಕಚೇರಿ, ಈ ನಾಲ್ಕು ನಂಬರನ್ನು ಕಾಗದದಲ್ಲಿ ಬರೆಸಿ ಅಡುಗೆಮನೆ ಗೋಡೆಗೆ ಅಂಟಿಸಿ. ಫೋನಿನಲ್ಲಿ ಮಾತ್ರ ಇದ್ದರೆ ಗಾಬರಿಯಲ್ಲಿ ಸಿಗುವುದಿಲ್ಲ.

ಗಂಡ ತೀರಿಕೊಂಡ ಮನೆಯ ಮಾತು ಹೇಳಲೇ ಬೇಕು. ಪೇಪರಿನಲ್ಲಿ ಫೋಟೋ ಬಂದ ವಾರದೊಳಗೆ "ಆರ್ಮಿ ಗ್ರೂಪ್ ಇನ್ಶುರೆನ್ಸ್ ದುಡ್ಡು ಮಂಜೂರಾಗಿದೆ, ಪ್ರೊಸೆಸಿಂಗ್ ಫೀ ಕಟ್ಟಿ" ಅಂತ ಕರೆ ಬರಬಹುದು. ವಿಮೆ, ಪರಿಹಾರ, ಫ್ಯಾಮಿಲಿ ಪೆನ್ಷನ್, ಯಾವುದನ್ನು ಪಡೆಯಲೂ ಫೀ ಇಲ್ಲ. ಆ ಮನೆಯ ಫೋನನ್ನು ಕೆಲವು ತಿಂಗಳು ಅಣ್ಣನೋ ಮೈದುನನೋ ನೋಡಿಕೊಂಡರೆ ಒಳ್ಳೆಯದು. ಆ ಹೊತ್ತಿನಲ್ಲಿ ಯಾರ ತಲೆಯೂ ಸರಿ ಇರುವುದಿಲ್ಲ.

ನಮ್ಮ ಯೂನಿಫಾರ್ಮನ್ನೇ ಹಾಕಿಕೊಂಡು ಬರುವವರು

ಹಳೇ ಸಾಮಾನು ಮಾರುವ ಆ್ಯಪುಗಳಲ್ಲಿ "ನಾನು ಆರ್ಮಿಯವನು, ಪೋಸ್ಟಿಂಗ್ ಬಂದಿದೆ, ಬುಲೆಟ್ ಬೈಕು ಅರ್ಧ ಬೆಲೆಗೆ ಕೊಡುತ್ತೇನೆ" ಅಂತ ಬರೆದಿರುತ್ತಾರೆ. ಕೇಳಿದರೆ ಐಡಿ ಕಾರ್ಡು, ಕ್ಯಾಂಟೀನ್ ಕಾರ್ಡು, ಯೂನಿಫಾರ್ಮಿನ ಫೋಟೋ ಕಳಿಸುತ್ತಾರೆ. ನಿಮ್ಮ ಮನೆ ಬಾಡಿಗೆಗಿದೆ ಅಂತ ಹಾಕಿದರೂ ಇವನೇ ಬರುತ್ತಾನೆ, ಮನೆ ನೋಡದೆಯೇ ಅಡ್ವಾನ್ಸ್ ಕೊಡಲು ಒಪ್ಪುತ್ತಾನೆ. ಆಮೇಲೆ ಕೇಳಿ ಮಜಾ: "ಆರ್ಮಿ ಅಕೌಂಟಿನಿಂದ ದುಡ್ಡು ಉಲ್ಟಾ ಬರುತ್ತೆ, ಮೊದಲು ನೀವು ಹತ್ತು ರೂಪಾಯಿ ಕಳಿಸಿ, ಇಪ್ಪತ್ತು ಬರುತ್ತೆ." ಬರುತ್ತದೆ ಕೂಡ. ಅಲ್ಲಿ ನಂಬಿದಿರಿ. ಆಮೇಲೆ ಹತ್ತು ಸಾವಿರ ಕಳಿಸುತ್ತೀರಿ, ಅದು ಮಾತ್ರ ವಾಪಸ್ ಬರುವುದಿಲ್ಲ. ಇಷ್ಟು ವರ್ಷ ಬಿಲ್ಲು ಬರೆದ ಕ್ಲರ್ಕ್ ಹೇಳುತ್ತಿದ್ದೇನೆ, ಅಂಥ ಉಲ್ಟಾ ಅಕೌಂಟು ಫೌಜಿನಲ್ಲಿ ಇಲ್ಲ. ದುಡ್ಡು ಬರುವುದಕ್ಕೆ ಯುಪಿಐ ಪಿನ್ ಒತ್ತುವುದೂ ಬೇಡ, ಕ್ಯೂಆರ್ ಸ್ಕ್ಯಾನ್ ಮಾಡುವುದೂ ಬೇಡ. ಪಿನ್ ಒತ್ತಿದರೆ ದುಡ್ಡು ಹೋಗುವುದೇ.

ಇದರಲ್ಲಿ ನಮ್ಮ ತಪ್ಪೂ ಇದೆ. ಆ ಕಾರ್ಡಿನಲ್ಲಿರುವ ಮುಖ ಎಷ್ಟೋ ಸಲ ನಿಜವಾದ ಜವಾನನದ್ದೇ. ಯಾವುದೋ ವ್ಯವಹಾರಕ್ಕೆ ಅವನು ಕಳಿಸಿದ ಫೋಟೋ ಈಗ ಮೋಸಕ್ಕೆ ಬಳಕೆ ಆಗುತ್ತಿದೆ, ಪೊಲೀಸರು ಮೊದಲು ಬಂದು ಕೇಳುವುದೂ ಅವನನ್ನೇ. ಐಡಿ ಕಾರ್ಡು, ಕ್ಯಾಂಟೀನ್ ಕಾರ್ಡಿನ ಫೋಟೋ ಯಾರಿಗೂ ಕಳಿಸಬೇಡಿ. ಕ್ಯಾಂಟೀನ್ ರೇಟಿಗೆ ಫ್ರಿಜ್ಜು, ಕಾರು ಕೊಡಿಸುತ್ತೇನೆ ಅನ್ನುವ ಫೇಸ್‌ಬುಕ್ ಪುಟಗಳೂ ಸುಳ್ಳು. ಮಿಲಿಟರಿ ಕ್ಯಾಂಟೀನ್ ನಡೆಸುವ ಸಿಎಸ್‌ಡಿಯ ದೊಡ್ಡ ಸಾಮಾನು ನಿಮ್ಮ ಕಾರ್ಡಿನ ಮೇಲೆ, ಸಿಎಸ್‌ಡಿಯ ಸರ್ಕಾರಿ ಪೋರ್ಟಲ್ಲಿನಲ್ಲೇ ಬುಕ್ ಆಗಬೇಕು.

ಗಡಿಯಲ್ಲಿ ಏನಾದರೂ ನಡೆದ ಕೂಡಲೇ "ಸೈನ್ಯಕ್ಕೆ ದಿನಕ್ಕೆ ಒಂದು ರೂಪಾಯಿ" ಅಂತ ಖಾತೆ ನಂಬರ್ ಹರಿದಾಡುತ್ತದೆ. ಕೊಡುವ ಮನಸ್ಸಿದ್ದರೆ ಡಿಸೆಂಬರ್ 7ರ ಧ್ವಜ ದಿನದ ನಿಧಿಗೆ ನಿಮ್ಮ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ ಕೊಟ್ಟು ರಶೀದಿ ತಗೊಳ್ಳಿ.

ನಿವೃತ್ತಿಯ ದುಡ್ಡು

ಮೂವತ್ತೆಂಟು ನಲವತ್ತು ವಯಸ್ಸಿಗೆ ಸಿಪಾಯಿ ಮನೆಗೆ ಬರುತ್ತಾನೆ. ಗ್ರಾಚ್ಯುಟಿ, ಕಮ್ಯುಟೇಶನ್ (ಪೆನ್ಷನ್ನಿನ ಒಂದು ಭಾಗ ಮುಂಗಡವಾಗಿ), ಪಿಎಫ್, ಗ್ರೂಪ್ ಇನ್ಶುರೆನ್ಸ್ ಎಲ್ಲ ಒಂದೇ ಸಲ ಖಾತೆಗೆ ಬೀಳುತ್ತದೆ. ಜೀವನದಲ್ಲಿ ಅಷ್ಟು ದುಡ್ಡು ಅವನು ಒಟ್ಟಿಗೆ ನೋಡಿರುವುದಿಲ್ಲ, ಮತ್ತೆ ನೋಡುವುದೂ ಇಲ್ಲ. ಆಗ "ಎಕ್ಸ್ ಸರ್ವಿಸ್‌ಮನ್ ಟ್ರೇಡಿಂಗ್" ಥರದ ಹೆಸರಿನ ಗುಂಪಿಗೆ ಯಾರೋ ಸೇರಿಸುತ್ತಾರೆ. ದಿನಾ ಲಾಭದ ಸ್ಕ್ರೀನ್‌ಶಾಟು, "ಜೈ ಹಿಂದ್ ಸಾಬ್, ನನಗೆ ಎರಡು ಲಕ್ಷ ಬಂತು" ಅನ್ನುವವರು. ಅವರೆಲ್ಲ ಒಬ್ಬನೇ ಬೇರೆ ಬೇರೆ ಸಿಮ್ಮಿನಿಂದ ಬರೆಯುತ್ತಿರಬಹುದು. ಆ್ಯಪಿನಲ್ಲಿ ಲಾಭ ಬೆಳೆಯುವುದು ಕಾಣುತ್ತದೆ, ತೆಗೆಯಲು ಹೋದರೆ "ಮೊದಲು ಟ್ಯಾಕ್ಸ್ ಕಟ್ಟಿ". ಲಾಭದಲ್ಲೇ ಹಿಡಿದುಕೋ ಅಂತ ಹೇಳಿ ನೋಡಿ, ಒಪ್ಪುವುದಿಲ್ಲ.

ನನ್ನ ಸಲಹೆ ಬಹಳ ಬೇಜಾರಿನದ್ದು. ಮೊದಲ ಆರು ತಿಂಗಳು ಆ ದುಡ್ಡನ್ನು ಎಫ್‌ಡಿಯಲ್ಲಿಟ್ಟು ಮರೆತುಬಿಡಿ. ದಿನದ ಯುಪಿಐಗೆ ಬೇರೆ ಸಣ್ಣ ಖಾತೆ ಮಾಡಿ, ಅದರಲ್ಲಿ ಹತ್ತು ಹದಿನೈದು ಸಾವಿರಕ್ಕಿಂತ ಜಾಸ್ತಿ ಇಡಬೇಡಿ. ಪೆನ್ಷನ್ ಬರುವ ಖಾತೆಗೆ ಯುಪಿಐ ಜೋಡಿಸಲೇ ಬೇಡಿ. ಷೇರಿನ ಸಲಹೆ ಕೊಡುವವನ ನೋಂದಣಿ ಸಂಖ್ಯೆ ಕೇಳಿ ಷೇರುಪೇಟೆ ನೋಡಿಕೊಳ್ಳುವ ಸೆಬಿಯ ವೆಬ್‌ಸೈಟಿನಲ್ಲಿ ಹುಡುಕಿ. ನೌಕರಿ ಕೊಡಿಸಲು ದುಡ್ಡು ಕೇಳುವವನು, ಮಗನನ್ನು ಅಗ್ನಿವೀರ್ ಮಾಡಿಸುತ್ತೇನೆ ಅನ್ನುವವನು, ಇಬ್ಬರಿಗೂ ಬಾಗಿಲು ತೋರಿಸಿ.

ಡಿಜಿಟಲ್ ಅರೆಸ್ಟ್

ಪೊಲೀಸರ ವೇಷದಲ್ಲಿ ವಿಡಿಯೋ ಕರೆ ಮಾಡಿ "ನಿಮ್ಮನ್ನು ಬಂಧಿಸಿದ್ದೇವೆ" ಅನ್ನುವ ಮೋಸ ಇದು. ಹಾಗಂತ ನಮ್ಮ ಕಾನೂನಿನಲ್ಲಿ ಏನೂ ಇಲ್ಲ. ಪ್ರಧಾನಿಯವರೇ 2024ರ ಅಕ್ಟೋಬರಿನ ಮನ್ ಕೀ ಬಾತ್‌ನಲ್ಲಿ ಇದನ್ನು ಹೇಳಿದರು. ಸಿಬಿಐ, ಇಡಿ, ಪೊಲೀಸ್, ಯಾರೂ ವಿಡಿಯೋ ಕರೆಯಲ್ಲಿ ಬಂಧಿಸುವುದಿಲ್ಲ, "ತನಿಖೆ ಮುಗಿಯುವವರೆಗೆ ದುಡ್ಡು ಈ ಖಾತೆಯಲ್ಲಿಡಿ" ಅನ್ನುವುದೂ ಇಲ್ಲ. ಆದರೆ ಫೌಜಿಗಳಿಗೆ ಇವರು ಹಾಕುವ ಗಾಳ ಬೇರೆ: "ನಿಮ್ಮ ಖಾತೆಯಿಂದ ಉಗ್ರರಿಗೆ ದುಡ್ಡು ಹೋಗಿದೆ. ದೇಶದ ಗುಟ್ಟು, ಹೆಂಡತಿಗೂ ಹೇಳಬೇಡಿ." ಮರ್ಯಾದೆಗೆ ಕೈ ಹಾಕುತ್ತಾರೆ, ಗುಟ್ಟು ಕಾಯುವ ನಮ್ಮ ಅಭ್ಯಾಸವನ್ನೇ ನಮ್ಮ ಮೇಲೆ ತಿರುಗಿಸುತ್ತಾರೆ. ಆದ್ದರಿಂದ ಮಾಡಬೇಕಾದ್ದು ಒಂದೇ, ಜೋರಾಗಿ ಹೆಂಡತಿಯನ್ನು ಕರೆಯಿರಿ. "ನೋಡೇ ಇಲ್ಲಿ, ಯಾರೋ ನನ್ನ ಅರೆಸ್ಟ್ ಮಾಡಿದ್ದಾರಂತೆ." ಅವಳು ಒಳಗಿನಿಂದ ಬರುವಷ್ಟರಲ್ಲಿ ಅರ್ಧ ಭಯ ಇಳಿದಿರುತ್ತದೆ. ಕರೆ ಕಟ್ ಮಾಡಿದ್ದಕ್ಕೆ ಯಾವ ಕೇಸೂ ಬೀಳುವುದಿಲ್ಲ.

ಸೈನ್ಯದ ಗುಟ್ಟು ಕದಿಯಲು ಬರುವ ಫೇಸ್‌ಬುಕ್ಕಿನ ಸುಂದರಿಯರ ವಿಷಯ ಬ್ಯಾರಕ್ಕಿನಲ್ಲಿ ನೂರು ಸಲ ಕೇಳಿರುತ್ತೀರಿ, ನಾನು ಬೇರೆ ಹೇಳುವುದಿಲ್ಲ. 2020ರಲ್ಲಿ ಸೈನ್ಯ 89 ಆ್ಯಪುಗಳನ್ನು ಫೋನಿನಿಂದ ತೆಗೆಯಿರಿ ಅಂದದ್ದು ಸುಮ್ನೆ ಅಲ್ಲ. ಮನೆಯವರು ಮಾತ್ರ "ನಮ್ಮವರು ನಾಳೆ ಲೇಹ್‌ಗೆ ಹೊರಟರು" ಅಂತ ಸ್ಟೇಟಸ್ ಹಾಕುವುದು ಬಿಡಬೇಕು. ಶತ್ರುವಿಗೆ ಸುದ್ದಿ, ಕಳ್ಳನಿಗೂ ಸುದ್ದಿ.

ದುಡ್ಡು ಹೋಗಿಯೇ ಬಿಟ್ಟರೆ

ನಮ್ಮ ಪಕ್ಕದ ಊರಿನ ಒಬ್ಬ ನಿವೃತ್ತ ನಾಯಕ್ ದುಡ್ಡು ಕಳಕೊಂಡು ಮೂರು ದಿನ ಯಾರಿಗೂ ಹೇಳಲಿಲ್ಲ. ಊಟ ಬಿಟ್ಟ, ಹೊಲಕ್ಕೆ ಹೋಗಲಿಲ್ಲ. ಅವನಿಗೆ ಮೈಯಲ್ಲಿ ಹುಷಾರಿಲ್ಲ ಅಂತ ಹೆಂಡತಿ ಅಂದುಕೊಂಡಳು. ನನ್ನ ಹತ್ತಿರ ಬಂದಾಗ ಕೇಳಿದೆ, ಯಾಕೆ ಹೇಳಲಿಲ್ಲ? "ಗುಂಡಿಗೆ ಹೆದರದವನು ಫೋನಿಗೆ ಸೋತೆ ಅಂತ ಹೇಗೆ ಹೇಳಲಿ?" ಅಷ್ಟು ಹೊತ್ತಿಗೆ ದುಡ್ಡು ಆರೇಳು ಖಾತೆ ದಾಟಿ ಹೋಗಿತ್ತು.

ಇಲ್ಲಿ ಗಂಟೆಯಲ್ಲ, ನಿಮಿಷ ಲೆಕ್ಕ. ಮೊದಲು ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಯಾವ ಬ್ಯಾಂಕು, ಎಷ್ಟು ದುಡ್ಡು, ಎಷ್ಟು ಹೊತ್ತಿಗೆ, ವ್ಯವಹಾರದ ಸಂಖ್ಯೆ ಏನು ಅಂತ ಕೇಳುತ್ತಾರೆ, ಬ್ಯಾಂಕಿನ ಮೆಸೇಜ್ ತೆರೆದಿಟ್ಟುಕೊಂಡೇ ಮಾತಾಡಿ. ಅವರು ದುಡ್ಡು ಹೋದ ಖಾತೆಗಳನ್ನು ಹಿಂಬಾಲಿಸಿ, ಉಳಿದಷ್ಟನ್ನು ಅಲ್ಲೇ ತಡೆಯಲು ನೋಡುತ್ತಾರೆ. ಲೈನು ಸಿಗದಿದ್ದರೆ ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್‌ನಲ್ಲಿ ನೀವೇ ದೂರು ಹಾಕಿ. ಎಪಿಕೆ ಹಾಕಿಕೊಂಡಿದ್ದರೆ ಆ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಬೇರೆ ಫೋನಿನಿಂದ ಮಾತಾಡಿ. ಯಾರಾದರೂ ಸ್ಟಾರ್ 401 ಥರದ ನಂಬರ್ ಒತ್ತಿಸಿದ್ದರೆ ನಿಮ್ಮ ಕರೆಗಳು ಅವರಿಗೆ ಹೋಗುತ್ತಿರಬಹುದು, ##002# ಒತ್ತಿ ಅದನ್ನು ತೆಗೆಯಿರಿ.

ಆಮೇಲೆ ಬ್ಯಾಂಕು. ಬಾಯಿಮಾತು ಸಾಲದು, ಬರೆದು ಕೊಟ್ಟು ಸೀಲು ಹಾಕಿಸಿಕೊಳ್ಳಿ, ಫೌಜಿನಲ್ಲಿ ಕಲಿತದ್ದೇ ಅದು ಅಲ್ವಾ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಪ್ರಕಾರ, ನಿಮ್ಮದೂ ಬ್ಯಾಂಕಿನದೂ ತಪ್ಪಿಲ್ಲದೆ ಹೊರಗಿನವರು ದುಡ್ಡು ತೆಗೆದಿದ್ದರೆ, ಮೂರು ಕೆಲಸದ ದಿನದೊಳಗೆ ತಿಳಿಸಿದರೆ ನಷ್ಟ ನಿಮ್ಮದಲ್ಲ. ನೀವೇ ಓಟಿಪಿ ಕೊಟ್ಟಿದ್ದರೂ, ಬ್ಯಾಂಕಿಗೆ ತಿಳಿಸಿದ ನಂತರ ಹೋದ ದುಡ್ಡಿಗೆ ಬ್ಯಾಂಕೇ ಹೊಣೆ. ಅದಕ್ಕೇ ತಿಳಿಸಿದ ಹೊತ್ತು ಕಾಗದದ ಮೇಲೆ ಇರಬೇಕು. ಚಾಟು, ನಂಬರು, ಸ್ಕ್ರೀನ್‌ಶಾಟು ನಾಚಿಕೆಯಿಂದ ಅಳಿಸಬೇಡಿ. ಸೈಬರ್ ಅಪರಾಧ ನೋಡುವ ನಿಮ್ಮ ಜಿಲ್ಲೆಯ ಸೆನ್ ಪೊಲೀಸ್ ಠಾಣೆಗೆ ಅದೆಲ್ಲ ಬೇಕಾಗುತ್ತದೆ. ಸೇವೆಯಲ್ಲಿದ್ದರೆ ಯೂನಿಟ್ಟಿಗೂ ತಿಳಿಸಿ, ಬಚ್ಚಿಟ್ಟರೆ ಮುಂದೆ ಬೇರೆ ತೊಂದರೆ.

ದೂರು ಕೊಟ್ಟ ಕೆಲವು ವಾರಕ್ಕೆ ಇನ್ನೊಂದು ಕರೆ ಬರುವ ಸಾಧ್ಯತೆ ಇದೆ. "ಸೈಬರ್ ಸೆಲ್‌ನಿಂದ, ನಿಮ್ಮ ದುಡ್ಡು ಸಿಕ್ಕಿದೆ, ಬಿಡಿಸಿಕೊಳ್ಳಲು ಐದು ಸಾವಿರ ಕಟ್ಟಿ." ನಮ್ಮ ಪಕ್ಕದ ಊರಿನ ನಾಯಕ್‌ಗೂ ಬಂತು. ಈ ಸಲ ಅವನು ಕಟ್ ಮಾಡಿ, ಆ ನಂಬರನ್ನೂ ಬರೆದುಕೊಂಡು ನೇರ ಠಾಣೆಗೆ ಹೋಗಿ ಕೊಟ್ಟು ಬಂದ.